ಅಚ್ಚಿನ ಬೆನ್ನ ಮೇಲಿನ ಹೆಸರು

ರಟ್ಟಿನ ಪೆಟ್ಟಿಗೆಯಲ್ಲಿ ಎಲ್ಲರ ಹಲ್ಲೂ ಇದ್ದವು, ಚುಕ್ಕಿಯದೊಂದು ಬಿಟ್ಟು.

ನೆಲದ ಮೇಲೆ ಕೂತು ಇನ್ನೊಮ್ಮೆ ಹುಡುಕಿದೆ. ಹಳೆಯ ಪತ್ರಿಕೆಯ ಹಾಳೆಗಳಲ್ಲಿ ಸುತ್ತಿಟ್ಟಿದ್ದ ಪ್ಲಾಸ್ಟರಿನ ಬಾಯಿ ಅಚ್ಚುಗಳನ್ನು ಒಂದೊಂದಾಗಿ ಬಿಚ್ಚಿ, ಬೆನ್ನು ತಿರುಗಿಸಿ, ಅಲ್ಲಿ ಕೆತ್ತಿದ್ದ ಅಡ್ಡಹೆಸರು ಓದಿ ಪಕ್ಕಕ್ಕಿಟ್ಟೆ. ಗುಂಡ, ಪಿಟೀಲು, ಮೌನಿ, ದೊಡ್ಡಕ್ಕ. ಹಲ್ಲಿನ ಕೆಲಸ ಕಲಿಯುವಾಗಿನ ಹಾಸ್ಟೆಲಿನಲ್ಲಿ ನನ್ನ ತಂಗಿಯನ್ನು ಕಡ್ಡಿ ಎಂದು ಕರೆಯುತ್ತಿದ್ದರಂತೆ, ಅದೂ ಇತ್ತು. 'ಚುಕ್ಕಿ' ಎಂದು ಕೆತ್ತಿದ್ದ ಅಚ್ಚನ್ನು ನಿನ್ನೆ ಸಂಜೆ ನಾನೇ ಕೈಯಾರೆ ಒಳಗಿಟ್ಟಿದ್ದೆ. ಈಗ ಅದನ್ನು ಸುತ್ತಿದ್ದ ಹಾಳೆ ಮಾತ್ರ ಮೂಲೆಯಲ್ಲಿ ಮುದುಡಿ ಬಿದ್ದಿತ್ತು.

ನನ್ನ ತಂಗಿ ಹಲ್ಲು ಮಾಡುವವಳು. ದಂತವೈದ್ಯರು ರೋಗಿಯ ಬಾಯಿಯ ಅಳತೆ ತೆಗೆದು ಕಳಿಸುತ್ತಾರೆ. ಇವಳು ಮನೆಯ ಹಿಂದಿನ ಕೋಣೆಯಲ್ಲಿ ಕೂತು ಪ್ಲಾಸ್ಟರಿನಲ್ಲಿ ಅಚ್ಚು ಎರೆದು, ಮೇಣ ತಿದ್ದಿ, ಹಲ್ಲಿನ ಸೆಟ್ಟು, ಕ್ಯಾಪು ತಯಾರಿಸಿ ಕೊಡುತ್ತಾಳೆ. ಈ ವಾರ ಆ ಕೋಣೆಯಲ್ಲೇ ನನ್ನ ಹಾಸಿಗೆ. ನನ್ನ ಕೋಣೆಯನ್ನು ಅತಿಥಿಗಳಿಗೆ ಬಿಟ್ಟುಕೊಟ್ಟಾಗಿತ್ತು. ಬಿಟ್ಟುಕೊಟ್ಟಾಗಿತ್ತು ಅಂದರೆ, ನನ್ನನ್ನೊಂದು ಮಾತು ಕೇಳದೆ ತಂಗಿ ಬಿಟ್ಟುಕೊಟ್ಟಿದ್ದಳು. ಪೊಲೀಸ್ ಇಲಾಖೆಯಲ್ಲಿ ಕಾಣೆಯಾದವರನ್ನು ಹುಡುಕಿ ಹುಡುಕಿ ತಲೆ ನರೆತು ನಿವೃತ್ತಳಾದ ನಾನು, ಸ್ವಂತ ಮನೆಯಲ್ಲಿ ನನ್ನ ಕನ್ನಡಕ ಎಲ್ಲಿ, ಚಪ್ಪಲಿ ಎಲ್ಲಿ ಎಂದು ಹುಡುಕಿಕೊಂಡು ಓಡಾಡುವ ಸ್ಥಿತಿ ಬಂದಿತ್ತು.

ಎಲ್ಲಾ ಶುರುವಾಗಿದ್ದು ಒಂದು ಫೋಟೋದಿಂದ. ಕೆಲಸ ಕಲಿಯುವಾಗ ಆ ಹಾಸ್ಟೆಲಿನವರೆಲ್ಲ ಜೋಡಿ ಜೋಡಿಯಾಗಿ ಒಬ್ಬರ ಬಾಯಿಯ ಅಚ್ಚನ್ನು ಇನ್ನೊಬ್ಬರು ತೆಗೆದು ಕೈ ಪಳಗಿಸಿಕೊಂಡಿದ್ದರು. ನನ್ನ ತಂಗಿ ಹರಿದ ಕಾಲುಚೀಲವನ್ನೂ ಎಸೆಯದ ಜಾತಿ, ಆ ಅಚ್ಚುಗಳನ್ನೆಲ್ಲ ಜೋಪಾನವಾಗಿ ಇಟ್ಟುಕೊಂಡಿದ್ದಳು. ಹೋದ ತಿಂಗಳು ಅವುಗಳ ಫೋಟೋ ತೆಗೆದು, 'ನಿಮ್ಮೆಲ್ಲರ ಹಲ್ಲು ನನ್ನ ಹತ್ರ ಇದೆ, ಹುಷಾರು' ಎಂದು ಹಳೆಯ ಗೆಳತಿಯರ ಫೋನ್ ಗುಂಪಿಗೆ ಹಾಕಿದಳು. ಎಲ್ಲರೂ ನಕ್ಕರು. ವರ್ಷಗಟ್ಟಲೆ ಒಂದಕ್ಷರ ಬರೆಯದಿದ್ದ ಚುಕ್ಕಿ ಮಾತ್ರ ಮರುದಿನವೇ ಫೋನು ಮಾಡಿದಳು. ನಿಮ್ಮೂರು ನೋಡ್ಬೇಕು ಕಣೇ, ಗಂಡನನ್ನೂ ಕರ್ಕೊಂಡು ಒಂದು ವಾರ ಬಂದಿರ್ತೀನಿ ಅಂದಳು.

ತಂಗಿಗೆ ತಡೆಯಲಾರದ ಖುಷಿ. ಹೊಸ ಹೊದಿಕೆ ತಂದಳು, ಪರದೆ ಒಗೆದಳು, ಇವತ್ತು ಗಡಿಯಾರದ ಗೋಪುರ, ನಾಳೆ ವಸ್ತುಸಂಗ್ರಹಾಲಯ, ನಾಡಿದ್ದು ಜಲಾಶಯ ಎಂದು ವಾರ ಪೂರ್ತಿ ತಿರುಗಾಟ ಹೊಂದಿಸಿದಳು. ಬಂದವಳನ್ನು ಬಾಗಿಲಲ್ಲೇ ತಬ್ಬಿಕೊಂಡು ಕೇಳಿದ್ದೂ ಹಲ್ಲಿನ ವಿಷಯವೇ.

"ಎಲ್ಲೇ ಅದು, ಪಕ್ಕದ ಹಲ್ಲಿನ ಮೇಲೆ ಹತ್ತಿದ ನಿನ್ನ ಹಲ್ಲು?"

"ಸರಿಮಾಡಿಸ್ಕೊಂಡೆ ಕಣೇ. ನಗುವಾಗೆಲ್ಲ ಕೈ ಅಡ್ಡ ಇಟ್ಕೊಂಡು ಸಾಕಾಗಿತ್ತು."

ಅಷ್ಟಕ್ಕೆ ತಂಗಿ ಒಪ್ಪಿಕೊಂಡಳು. ನೋಡದೆ ಅದೆಷ್ಟೋ ವರ್ಷ ಆಗಿತ್ತು. ಮೈ ತುಂಬಿಕೊಂಡಿದೆ, ಕೂದಲಿಗೆ ಬಣ್ಣ ಹಚ್ಚಿದ್ದಾಳೆ, ಕಣ್ಣು-ಮೂಗು ಅದೇ. ಹಾಸ್ಟೆಲಿನ ಅಡುಗೆಯವಳ ಕಥೆ, ಮಹಡಿಯಿಂದ ಬಿದ್ದ ಮಂಚದ ಕಥೆ ಎಲ್ಲಾ ಹೇಳುತ್ತಾಳೆ. ಅನುಮಾನ ಪಡುವುದಕ್ಕೆ ತಂಗಿ ನನ್ನ ಹಾಗೆ ಪೊಲೀಸ್ ಅನ್ನ ತಿಂದವಳಲ್ಲ.

ಚುಕ್ಕಿಯ ಗಂಡ ನೆಲಕ್ಕೆ ಹಾಸುವ ಟೈಲ್ಸ್ ಮಾರುವವನು. ಹೋದಲ್ಲೆಲ್ಲ ಕೂತು ಬೆರಳಿನ ಗಂಟಿನಿಂದ ನೆಲ ಕುಟ್ಟಿ ನೋಡುವ ಚಾಳಿ. ನಮ್ಮ ಮನೆಗೆ ಕಾಲಿಟ್ಟ ಕೂಡಲೇ ಕುಟ್ಟಿ, "ಒಳಗೆ ಟೊಳ್ಳು ಅಕ್ಕ, ಕೀಳಿಸಿಬಿಡಿ" ಅಂದ. ನಗುತ್ತಾನೆ, ಸದ್ದು ಬರುವುದಿಲ್ಲ. ಅವನ ಮುಖ ಕಂಡರೇ ನನಗೆ ಆಗುತ್ತಿರಲಿಲ್ಲ. ನಿನಗೆ ಯಾರ ಮುಖ ಕಂಡರೆ ಆಗುತ್ತೆ ಹೇಳು ಅಂತ ತಂಗಿ ಬಾಯಿ ಮುಚ್ಚಿಸಿದ್ದಳು.

ನನ್ನ ಕಿವಿ ನೆಟ್ಟಗಾಗಿದ್ದು ಬೇರೆ ಕಾರಣಕ್ಕೆ. ಬಂದ ದಿನದಿಂದ ಗಂಡ-ಹೆಂಡತಿ ಇಬ್ಬರೂ ನನಗೆ ಒಂದೇ ರಾಗ ಹಾಡುತ್ತಿದ್ದರು. ಅಕ್ಕ, ನಿಮ್ಮ ಕೋಣೆ ನೀವು ತಗೊಳ್ಳಿ, ನಿಮಗೆ ಮಂಡಿ ನೋವು, ನಾವು ಹಿಂದಿನ ಕೋಣೆಯಲ್ಲಿ ಚಾಪೆ ಹಾಸ್ಕೊಂಡು ಮಲಗ್ತೀವಿ. ಪ್ಲಾಸ್ಟರ್ ಧೂಳು ತುಂಬಿದ, ಸುತ್ತ ಹಲ್ಲು ಕಿಸಿದ ಕೋಣೆಗೆ ಇಷ್ಟು ಆಸೆ ಪಡುವ ಅತಿಥಿಗಳನ್ನು ನಾನು ಕಂಡಿರಲಿಲ್ಲ. ಹಾಗಾಗಿ ಹಟ ಹಿಡಿದು ಅಲ್ಲೇ ಮಲಗಿದೆ.

ಆಮೇಲೆ ಪ್ಲಾಸ್ಟರಿನ ಪ್ರಸಂಗ. ಮೊನ್ನೆ ತಂಗಿ ಕೆಲಸದ ಅವಸರದಲ್ಲಿ, "ಚುಕ್ಕಿ, ಹಳೇ ಕಾಲದ ಹಾಗೆ ಒಂದು ಬಟ್ಟಲು ಕಲಸಿಕೊಡೇ" ಅಂದಳು. ಚುಕ್ಕಿ ರಬ್ಬರ್ ಬಟ್ಟಲಿಗೆ ಪುಡಿ ಹಾಕಿ, ಅದರ ಮೇಲೆ ನೀರು ಸುರಿದಳು. ಮೊದಲು ನೀರು, ಆಮೇಲೆ ಅದಕ್ಕೆ ಪುಡಿ ಉದುರಿಸಬೇಕು. ಇಲ್ಲದಿದ್ದರೆ ಗಂಟು ಕಟ್ಟಿ ಗುಳ್ಳೆ ಏಳುತ್ತದೆ. ಸಹಾಯಕ್ಕೆ ಹೋದಾಗಲೆಲ್ಲ ಹಿಂದುಮುಂದು ಮಾಡಿ ತಂಗಿಯ ಹತ್ತಿರ ಬೈಸಿಕೊಂಡವಳು ನಾನು. ಕಲಿತವರ ಕೈ ಮಾತ್ರ ನಿದ್ದೆಗಣ್ಣಲ್ಲೂ ನೀರಿಗೇ ಹೋಗುತ್ತದಂತೆ. ತಂಗಿ ನಕ್ಕು, "ಎಲ್ಲಾ ಮರೆತು ಗುಡಿಸಿ ಹಾಕಿದೀಯ" ಎಂದು ಬಟ್ಟಲು ಕಿತ್ತುಕೊಂಡಳು. ನಾನು ಹೊರಗೆ ಹೋಗಿ ಅವರ ಊರಿನ ಇನ್ಸ್‌ಪೆಕ್ಟರಿಗೆ ಫೋನು ಮಾಡಿದೆ. ನನ್ನ ಕೈಕೆಳಗೆ ಕೆಲಸ ಕಲಿತವನು.

ಅವನ ಉತ್ತರ ಬಂದಿದ್ದು ಇವತ್ತು ಬೆಳಿಗ್ಗೆ, ತಂಗಿ ಚುಕ್ಕಿಯ ಗಂಡನ ಕಾರಿನಲ್ಲಿ ಜಲಾಶಯಕ್ಕೆ ಹೊರಟುಹೋದ ಮೇಲೆ. ಚುಕ್ಕಿ ತಲೆನೋವೆಂದು ಮನೆಯಲ್ಲೇ ಉಳಿದಿದ್ದಳು. ನಾನು ಅವರನ್ನು ಬೀಳ್ಕೊಟ್ಟು, ಕೆಳಗಿನ ಅಂಗಡಿಯಲ್ಲಿ ಹಾಲು ತಗೊಂಡು ಮೆಟ್ಟಿಲು ಹತ್ತುತ್ತಿದ್ದೆ.

"ಮೇಡಂ, ಆ ಗಂಡ-ಹೆಂಡತಿ ಈ ಊರಿಗೆ ಬಂದು ನಾಲ್ಕು ವರ್ಷ ಆಗಿದೆ. ಯಾರ ಜೊತೆಗೂ ಮಾತಿಲ್ಲ, ಕಥೆಯಿಲ್ಲ. ಅದಕ್ಕೆ ಮುಂಚೆ ಪಕ್ಕದ ಊರಲ್ಲಿ ಹೆಂಡತಿ ಹೆಸರಿನ ಮನೇಲಿದ್ರಂತೆ. ಮಾರಿಬಿಟ್ಟು ಬಂದಿದಾರೆ."

"ಅಷ್ಟೇನಾ?"

"ಇನ್ನೊಂದಿದೆ. ಆ ಮನೆ ಹಿಂದೆ ಹಾಳುಬಿದ್ದ ಕಲ್ಲುಗಣಿ. ಎರಡು ತಿಂಗಳ ಕೆಳಗೆ ಅದರ ನೀರು ಹೊರಹಾಕಿದಾಗ ಒಂದು ಹೆಂಗಸಿನ ಅಸ್ಥಿಪಂಜರ ಸಿಕ್ತು. ನಾಲ್ಕೈದು ವರ್ಷ ಹಳೇದು. ಯಾರೂ ಕಾಣೆ ಆಗಿದಾರೆ ಅಂತ ದೂರೇ ಇಲ್ಲ, ಹಾಗಾಗಿ ಅದು ಯಾರದು ಅಂತ ಗೊತ್ತಾಗ್ತಿಲ್ಲ."

"ಹಲ್ಲು ಹೇಗಿದೆ?"

"ಎಲ್ಲಾ ಗಟ್ಟಿಯಾಗಿದೆ. ಎಡಗಡೆ ಮೇಲಿನ ಕೋರೆಹಲ್ಲು ಪಕ್ಕದ ಹಲ್ಲಿನ ಮೇಲೆ ಹತ್ತಿ ಕೂತಿದೆ. ಹೋಲಿಸಿ ನೋಡೋಕೆ ಏನಾದ್ರೂ ಸಿಕ್ಕಿದ್ರೆ ಒಂದು ಗಳಿಗೆ ಕೆಲಸ ಮೇಡಂ. ಏನೂ ಸಿಗ್ತಿಲ್ಲ."

ಹಾಲಿನ ಪಾತ್ರೆ ಮೆಟ್ಟಿಲ ಮೇಲೇ ಇಟ್ಟೆ. ತಂಗಿಗೆ ಫೋನು ಮಾಡಿದೆ. ಹೊಡೆದುಕೊಂಡು ಹೊಡೆದುಕೊಂಡು ನಿಂತಿತು. ಮತ್ತೆ ಮಾಡಿದೆ, ಎತ್ತಲಿಲ್ಲ. ಇನ್ಸ್‌ಪೆಕ್ಟರಿಗೆ ಹೇಳಿದೆ: ಇಲ್ಲಿನ ಠಾಣೆಗೆ ಹೇಳಿ ಜಲಾಶಯದ ಗೇಟಿಗೆ ಯಾರನ್ನಾದರೂ ಕಳಿಸು, ನನ್ನ ತಂಗಿ ಕಂಡ ಕೂಡಲೇ ಹಿಡಿದು ನಿಲ್ಲಿಸಲಿ, ಅವಳು ಕೂಗಾಡಿದರೂ ಬಿಡದಿರಲಿ. ಆಮೇಲೆ ಓಡಿಬಂದು ಪೆಟ್ಟಿಗೆ ತೆಗೆದಿದ್ದೆ.

ಈಗ ಪೆಟ್ಟಿಗೆಯ ಮುಂದೆ ಕೂತು ನನ್ನನ್ನು ನಾನೇ ಬೈದುಕೊಂಡೆ. ನಿನ್ನೆ ಸಂಜೆ ತಂಗಿ ಇದೇ ಪೆಟ್ಟಿಗೆ ತೆಗೆದು ಗೆಳತಿಗೆ ತೋರಿಸಲು ಹೊರಟಿದ್ದಳು. ಅಷ್ಟರಲ್ಲಿ ದಂತವೈದ್ಯರ ಕಡೆಯ ಆಳು ಬಾಗಿಲಿಗೆ ಬಂದ, ತಂಗಿ ಎದ್ದುಹೋದಳು. ಚುಕ್ಕಿ ಅಚ್ಚುಗಳ ಬೆನ್ನು ತಿರುಗಿಸಿ ತಿರುಗಿಸಿ ಹೆಸರು ಓದುತ್ತಿದ್ದುದನ್ನು ನೋಡಿದೆ. ನಾನು ಕೈಚಾಚಿದೆ, ಅವಳು 'ಚುಕ್ಕಿ' ಎಂದಿದ್ದ ಅಚ್ಚನ್ನು ಕೊಟ್ಟಳು, ನಾನು ಸುತ್ತಿ ಒಳಗಿಟ್ಟೆ. ಇಟ್ಟಿದ್ದನ್ನು ಬೀಗ ಹಾಕಿ ಇಡಬೇಕೆಂಬ ಬುದ್ಧಿ ಈ ಬೆಪ್ಪುತಕ್ಕಡಿಗೆ ಬರಲಿಲ್ಲ. ನಾನು ಹಾಲು ತರಲು ಇಳಿದ ಹೊತ್ತು ಅವಳಿಗೆ ಸಾಕಾಗಿತ್ತು.

ಅಚ್ಚುಗಳನ್ನು ವಾಪಸ್ಸು ಸುತ್ತಿಡಲು ಶುರುಮಾಡಿದೆ. 'ಕಡ್ಡಿ' ಎಂದು ಕೆತ್ತಿದ್ದನ್ನು ಕೈಗೆತ್ತಿಕೊಂಡವಳು ಸುಮ್ಮನೆ ಮಗ್ಗುಲಾಗಿಸಿ ನೋಡಿದೆ. ಚಿಕ್ಕಂದಿನಲ್ಲಿ ತಂಗಿಯ ಹಾಲುಹಲ್ಲನ್ನು ದಾರ ಕಟ್ಟಿ ಕಿತ್ತವಳು ನಾನು. ಅವಳ ಹಲ್ಲು ಅಳತೆಪಟ್ಟಿ ಇಟ್ಟು ಜೋಡಿಸಿದ ಹಾಗೆ ನೇರ.

ಈ ಅಚ್ಚಿನಲ್ಲಿ ಎಡಗಡೆಯ ಕೋರೆಹಲ್ಲು ಪಕ್ಕದ ಹಲ್ಲಿನ ಮೇಲೆ ಹತ್ತಿ ಕೂತಿತ್ತು.

ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ, ಅನುಮಾನವೇ ಇಲ್ಲ. ಆಮೇಲೆ ತಲೆಯೊಳಗೆ ದೀಪ ಹತ್ತಿತು. ತಂಗಿ ಹೇಳುತ್ತಿದ್ದಳು, ಅವರ ಮೇಷ್ಟ್ರು ಅಂಕ ಕೊಡುತ್ತಿದ್ದುದು ಬಾಯಿಗಲ್ಲ, ಕೈಗೆ. ಬಾಯಿ ಯಾರದೇ ಇರಲಿ, ಬೆನ್ನಿಗೆ ಕೆತ್ತುತ್ತಿದ್ದುದು ಅಚ್ಚು ಮಾಡಿದವರ ಹೆಸರು. ನನ್ನ ತಂಗಿ ಇವತ್ತಿಗೂ ಹಾಗೇ ಮಾಡುತ್ತಾಳೆ, ಕಪಾಟಿನಲ್ಲಿರುವ ಎಲ್ಲರ ಹಲ್ಲಿನ ಬೆನ್ನ ಮೇಲೂ ಅವಳದೇ ಗುರುತು. 'ಕಡ್ಡಿ' ಎಂದರೆ ಕಡ್ಡಿ ಮಾಡಿದ ಚುಕ್ಕಿಯ ಬಾಯಿ. 'ಚುಕ್ಕಿ' ಎಂದರೆ ಚುಕ್ಕಿ ಮಾಡಿದ ನನ್ನ ತಂಗಿಯ ಬಾಯಿ.

ಆ ಹಾಸ್ಟೆಲಿನಲ್ಲಿ ಕಲಿತ ಯಾರಿಗೂ ಇದು ಗೊತ್ತಿಲ್ಲದೆ ಇರುವುದಿಲ್ಲ. ನನ್ನ ಮಂಚದ ಮೇಲೆ ತಲೆನೋವೆಂದು ಮಲಗಿದ್ದವಳಿಗೆ ಗೊತ್ತಿರಲಿಲ್ಲ.

ತಂಗಿಯ ಕೆಲಸದ ಏಪ್ರನ್ನು ಹಾಕಿಕೊಂಡು, ಅದರ ದೊಡ್ಡ ಜೇಬಿಗೆ ಅಚ್ಚನ್ನು ಇಳಿಸಿ, ಕಾಫಿ ಮಾಡಿದೆ. ಕೋಪ ಬಂದಾಗ ಕಾಫಿ ಮಾಡಿದರೆ ನನ್ನ ಕೈ ಹತೋಟಿಗೆ ಬರುತ್ತದೆ. ಎರಡು ಲೋಟ ಹಿಡಿದು ನನ್ನದೇ ಕೋಣೆಯ ಬಾಗಿಲು ತಟ್ಟಿದೆ.

ಅವಳು ಮಂಚದ ತುದಿಯಲ್ಲಿ ಕೂತಿದ್ದಳು. ಕೋಣೆ ಗುಡಿಸಿತ್ತು, ಕಿಟಕಿ ತೆರೆದಿತ್ತು. ತಲೆನೋವು ಬಂದವರು ಕೋಣೆ ಗುಡಿಸುವುದಿಲ್ಲ. ಕುರ್ಚಿಯ ಮೇಲೆ ಒದ್ದೆ ಟವೆಲು, ಅದರ ಅಂಚಿನಲ್ಲಿ ಬಿಳಿ ಪುಡಿ.

"ನೀವ್ಯಾಕೆ ತೊಂದ್ರೆ ತಗೊಂಡ್ರಿ ಅಕ್ಕ, ಕರೆದಿದ್ರೆ ನಾನೇ ಬರ್ತಿದ್ನಲ್ಲ."

"ತಲೆನೋವು ಹೇಗಿದೆ?"

"ಪರವಾಗಿಲ್ಲ ಅಕ್ಕ."

"ಇರಬಹುದು. ಕುಟ್ಟಿ ಪುಡಿ ಮಾಡಿದ ಮೇಲೆ ತಲೆ ಹಗುರ ಆಗಿರುತ್ತೆ."

ಲೋಟ ತಗೊಂಡಿದ್ದ ಅವಳ ಕೈ ಅರ್ಧದಲ್ಲೇ ನಿಂತಿತು. ಆದರೆ ಹುಳ್ಳಗೆ ನಕ್ಕಳು. "ಏನು ಪುಡಿ ಅಕ್ಕ?"

"ನೋಡು, ಇಷ್ಟು ದಿನ ನನ್ನ ಮಂಚದ ಮೇಲೆ ಮಲಗಿದೀಯ, ನನ್ನ ತಂಗಿ ಕೈಲಿ ಉಂಡಿದೀಯ. ಅಷ್ಟರ ಮಟ್ಟಿಗಾದ್ರೂ ಸುಳ್ಳು ಹೇಳ್ಬೇಡ. ಟವೆಲಲ್ಲಿ ಸುತ್ತಿ ಕುಟ್ಟಿದೀಯ, ಬಚ್ಚಲಿಗೆ ಸುರಿದಿದೀಯ. ಪ್ಲಾಸ್ಟರು ನೀರಿಗೆ ಕರಗಲ್ಲ ಕಣೇ, ನಾಳೆ ನಮ್ಮ ಬಚ್ಚಲು ಕಟ್ಕೊಳ್ಳುತ್ತೆ. ಅದರ ರಿಪೇರಿನೂ ನನ್ನ ತಲೆಗೆ."

ಅವಳು ಲೋಟ ಕೆಳಗಿಟ್ಟಳು. ಮುಖದ ನಗು ಎಲ್ಲಿ ಹೋಯಿತೋ, ಆ ಜಾಗದಲ್ಲಿ ಬೇರೆ ಯಾರೋ ಕೂತಿದ್ದರು.

"ನನ್ನ ಹಲ್ಲಿನ ಅಚ್ಚು, ನಾನು ಒಡೆದೆ. ಚಿಕ್ಕಂದಿನ ಸೊಟ್ಟ ಹಲ್ಲು, ನೋಡೋಕೆ ನಾಚಿಕೆ ಆಗ್ತಿತ್ತು. ತಪ್ಪಾ ಅಕ್ಕ?"

"ಒಡೆಯೋ ಮುಂಚೆ ನೋಡಿದ್ಯಾ ಅದನ್ನ?"

ಅವಳ ಕಣ್ಣು ಕುರ್ಚಿಯ ಮೇಲಿನ ಟವೆಲಿನ ಕಡೆ ಹೋಯಿತು.

"ನೋಡಿಲ್ಲ. ನೋಡಿದ್ರೆ ಗೊತ್ತಾಗ್ತಿತ್ತು. ಹೆಸರು ಓದಿದೆ, ಸುತ್ತಿದೆ, ಕುಟ್ಟಿದೆ." ನಾನು ಜೇಬಿನಿಂದ ಅಚ್ಚು ತೆಗೆದು ಅಂಗೈ ಮೇಲಿಟ್ಟು ಹಿಡಿದೆ, ಅವಳ ಕೈಗೆ ಸಿಗದಷ್ಟು ದೂರ. "ಚುಕ್ಕಿ ಹಲ್ಲು ಇದು. ನೀನು ಒಡೆದಿದ್ದು ನನ್ನ ತಂಗಿದು. ಆ ಹಾಸ್ಟೆಲಲ್ಲಿ ಬಾಯಿ ಇದ್ದವರ ಹೆಸರು ಬರೀತಿರಲಿಲ್ಲ, ಅಚ್ಚು ಮಾಡಿದವರ ಹೆಸರು ಬರೀತಿದ್ರು. ನಿಜವಾದ ಚುಕ್ಕಿ ಆಗಿದ್ರೆ ನಿನಗೆ ಇದು ಗೊತ್ತಿರ್ತಿತ್ತು. ಅವಳೆಲ್ಲಿ?"

ಅವಳ ಕಣ್ಣು ಆ ಹತ್ತಿದ ಹಲ್ಲಿಗೆ ಅಂಟಿಕೊಂಡಿತು. ಹೆದರುತ್ತಾಳೆ, ಇಲ್ಲಾ ಮೈಮೇಲೆ ಬೀಳುತ್ತಾಳೆ ಅಂದುಕೊಂಡಿದ್ದೆ. ಅವಳು ಅತ್ತಳು. ಸದ್ದಿಲ್ಲದೆ, ಮೂಗು ಕೂಡ ಒರೆಸಿಕೊಳ್ಳದೆ ಅತ್ತಳು.

"ನೋಡೋ ಧೈರ್ಯ ಇರಲಿಲ್ಲ" ಅಂದಳು. "ಅದಕ್ಕೇ ಟವೆಲಲ್ಲಿ ಸುತ್ತಿದ್ದು. ಅವಳು ನನ್ನ ಅಕ್ಕ."

ಕಣ್ಣು-ಮೂಗು ಅದೇ ಎಂದು ತಂಗಿ ಅಂದಿದ್ದು ಸುಳ್ಳಾಗಿರಲಿಲ್ಲ. ಹಾಸ್ಟೆಲಿನ ಕಥೆಗಳನ್ನೆಲ್ಲ ಇವಳು ರಜೆಗೆ ಬಂದ ಅಕ್ಕನ ಬಾಯಿಂದಲೇ ಕೇಳಿದ್ದಿರಬೇಕು, ನನ್ನ ತಂಗಿ ನನಗೆ ಹೇಳಿದ ಹಾಗೆ.

"ಅಕ್ಕನ್ನ ಕೊಂದವನ ಜೊತೆ ಅಕ್ಕನ ಹೆಸರಿಟ್ಕೊಂಡು ಸಂಸಾರ ಮಾಡ್ತಿದೀಯ?"

"ಬಿದ್ದಳು ಅಂದ. ಕಾಲು ಜಾರಿ ಬಿದ್ದಳು, ಯಾರೂ ನಂಬಲ್ಲ, ನಮ್ಮಿಬ್ಬರನ್ನೂ ಹಿಡೀತಾರೆ ಅಂದ. ಆಗ ನಂಬಿದೆ. ಆಮೇಲೆ ನಂಬಿಕೆ ಹೋಯ್ತು, ಅಷ್ಟು ಹೊತ್ತಿಗೆ ನಾನೇ ಚುಕ್ಕಿ ಅಂತ ಎಲ್ಲಾ ಕಡೆ ಸಹಿ ಹಾಕಿಬಿಟ್ಟಿದ್ದೆ." ಅಂಗೈಯಿಂದ ಮುಖ ಒರೆಸಿಕೊಂಡಳು. "ಅವನ ಜೊತೆ ಒಂದೇ ಕೋಣೇಲಿ ಮಲಗೋದು ಅಂದ್ರೆ ಏನು ಅಂತ ನಿಮಗೆ ಗೊತ್ತಿಲ್ಲ ಅಕ್ಕ."

ಅಯ್ಯೋ ಅನ್ನಿಸಿತು, ಸುಳ್ಳು ಹೇಳಲಾರೆ. ಅದರ ಬೆನ್ನಿಗೇ ತಂಗಿಯ ನೆನಪಾಯಿತು. ಅಂಥವನ ಕಾರಿನಲ್ಲಿ ನನ್ನ ತಂಗಿ, ಜಲಾಶಯ ತೋರಿಸುತ್ತೇನೆಂದು ಹೊಸ ಅಂಗಿ ಹಾಕಿಕೊಂಡು ಕೂತು ಹೋಗಿದ್ದಳು.

ಫೋನು ತೆಗೆದು ಮತ್ತೆ ತಂಗಿಗೆ ಮಾಡಿದೆ.

ಮಂಚದ ಮೇಲಿದ್ದ ಅವಳ ಕೈಚೀಲ ಗುರ್ ಎಂದು ನಡುಗತೊಡಗಿತು.

ನಾನು ಚೀಲವನ್ನೇ ನೋಡುತ್ತಾ ನಿಂತೆ. ಅವಳು ತಾನಾಗಿಯೇ ಅದರೊಳಗೆ ಕೈಹಾಕಿ ತಂಗಿಯ ಫೋನು ತೆಗೆದು ಹಾಸಿಗೆಯ ಮೇಲಿಟ್ಟಳು. ಪರದೆಯ ಮೇಲೆ ನನ್ನದೇ ಮುಖ, ಕೆಳಗೆ 'ಸಿಡುಕಿ ಅಕ್ಕ' ಎಂಬ ಹೆಸರು.

"ತೆಗೆದಿಡು ಅಂದಿದ್ದ" ಅಂದಳು. "ಅವರು ಜಲಾಶಯಕ್ಕೆ ಹೋಗಿಲ್ಲ ಅಕ್ಕ."

ಅವಳ ತೋಳು ಹಿಡಿದು ಎಳೆದು ನಿಲ್ಲಿಸಿದೆ. ನನ್ನ ಮಂಡಿ, ನನ್ನ ವಯಸ್ಸು ಯಾವುದೂ ನೆನಪಿರಲಿಲ್ಲ. "ಎಲ್ಲಿಗೆ? ಎಲ್ಲಿಗೆ ಕರ್ಕೊಂಡು ಹೋಗಿದಾನೆ?"

"ಅಚ್ಚು ಒಡೆದ್ರೆ ಸಾಲದು ಅಂತ ಅವನು. ನಿಮ್ಮ ತಂಗಿ ಬಾಗಿಲಲ್ಲೇ ಕೇಳಿದಳಲ್ಲ, ಅವಳು ಆ ಹಲ್ಲನ್ನ ನೆನಪಿಟ್ಕೊಂಡಿದಾಳೆ, ನಾಳೆ ಪೇಪರಲ್ಲಿ ಗಣಿ ಸುದ್ದಿ ನೋಡಿದ್ರೆ ಬಾಯಿ ಬಿಡ್ತಾಳೆ ಅಂದ." ನನ್ನ ಕೈಯಲ್ಲಿದ್ದ ಅಚ್ಚಿನ ಕಡೆ ಬೆರಳು ತೋರಿಸಿದಳು. "ಅದನ್ನ ಕೊಡಿ. ಜಾಗ ಹೇಳ್ತೀನಿ."

ಸತ್ತವಳು ಚುಕ್ಕಿ ಎಂದು ಹೇಳಲು ನನ್ನ ಕೈಯಲ್ಲಿ ಉಳಿದಿದ್ದ ಸಾಕ್ಷಿ ಅದೊಂದೇ. ಇಲಾಖೆಯಲ್ಲಿದ್ದಷ್ಟು ಕಾಲ ಒಂದು ಬೆಂಕಿಪೊಟ್ಟಣದಂಥ ಸಾಕ್ಷಿಯನ್ನೂ ನಾನು ಕೈಬಿಟ್ಟವಳಲ್ಲ. ಇನ್ನೊಬ್ಬರ ತಂಗಿಯಾಗಿದ್ದರೆ ಯೋಚನೆ ಮಾಡುತ್ತಿದ್ದೆನೋ ಏನೋ. ಅಚ್ಚನ್ನು ಅವಳ ಕೈಗೆ ಕೊಟ್ಟುಬಿಟ್ಟೆ.

ಅವಳು ಅದನ್ನು ಒಡೆಯಲಿಲ್ಲ. ಎರಡೂ ಕೈಯಲ್ಲಿ ಹಿಡಿದು, ಹೆಬ್ಬೆರಳಿನಿಂದ ಆ ಹತ್ತಿದ ಹಲ್ಲನ್ನು ಮೆಲ್ಲಗೆ ಸವರಿದಳು.

"ಬೇಗ ಹೇಳಮ್ಮ, ನಿನ್ನ ಕಾಲಿಗೆ ಬೀಳ್ತೀನಿ."

"ಪೇಟೆಯಿಂದಾಚೆ ಒಂದು ಹಳೇ..." ಅನ್ನುತ್ತಿದ್ದಂತೆ ಕರೆಗಂಟೆ ಹೊಡೆಯಿತು.

ಅವಳ ಮುಖ ಬಿಳಿಚಿಕೊಂಡಿತು. ಅಚ್ಚನ್ನು ಎದೆಗೆ ಒತ್ತಿಕೊಂಡು ಗೋಡೆಗೆ ಸರಿದಳು. "ಇಷ್ಟು ಬೇಗ ಬರಬಾರದಿತ್ತು" ಎಂದು ಪಿಸುಗುಟ್ಟಿದಳು. "ಸಂಜೆತನಕ ಬರಲ್ಲ ಅಂದಿದ್ದ."

ತಂಗಿಯೇ ಇರಲಿ, ಬೀಗದ ಕೈ ಮರೆತು ಬಂದಿರಲಿ ಎಂದು ಬೇಡಿಕೊಳ್ಳುತ್ತಾ ಹೋಗಿ ಬಾಗಿಲು ತೆರೆದೆ.

ಚುಕ್ಕಿಯ ಗಂಡ ನಿಂತಿದ್ದ. ಪ್ಯಾಂಟು ಮೊಣಕಾಲಿನವರೆಗೆ ಒದ್ದೆಯಾಗಿತ್ತು. ಅವನ ಭುಜದಾಚೆ ಇಣುಕಿ ನೋಡಿದೆ. ಮೆಟ್ಟಿಲು ಖಾಲಿ. ತಂಗಿ ಏದುಸಿರು ಬಿಡುತ್ತಾ ಹಿಂದೆ ಬರುತ್ತಿರಬಹುದೆಂದು ಕಿವಿಗೊಟ್ಟೆ, ಕೆಳಗಿನ ಮಹಡಿಯಲ್ಲಿ ಯಾರದೋ ನಲ್ಲಿ ತೊಟ್ಟಿಕ್ಕುವುದು ಬಿಟ್ಟರೆ ಏನೂ ಕೇಳಿಸಲಿಲ್ಲ.

ಅವನು ಬಗ್ಗಿ ಬೂಟು ಬಿಚ್ಚಿ, ಗೋಡೆಗೆ ಸರಿಯಾಗಿ ಜೋಡಿಸಿಟ್ಟು, ತಲೆಯೆತ್ತಿ ನಕ್ಕ.

"ಯಾಕಕ್ಕ ಹೀಗೆ ನೋಡ್ತಿದೀರ? ನಿಮ್ಮ ತಂಗಿ ಇನ್ನೂ ಬಂದಿಲ್ವಾ? ನನಗಿಂತ ಮುಂಚೆನೇ ಹೊರಟ್ರಲ್ಲ."